ಕುದಿನೀರು ಉಳಿಸಿ ಕಾರಣ ಕತ್ತರಿಸಿದವರಿಗೆ

ಸಿನಿಮಾಗಳಿಗೆ ಪ್ರಮಾಣಪತ್ರ ಕೊಡುವ ಸಮಿತಿಯ ಅಧ್ಯಕ್ಷರೇ,

ವಯಸ್ಕರಿಗೆ ಮಾತ್ರ ಎಂದು ಮುದ್ರೆ ಒತ್ತಿದ ಮೇಲೂ ನಮ್ಮ ಸಿನಿಮಾದಿಂದ ಒಂದು ದೃಶ್ಯವನ್ನು ಪೂರ್ತಿ ಕತ್ತರಿಸಿದ್ದೀರಿ. ಹೆಂಡತಿ ಗಂಡನ ಮೇಲೆ ಕುದಿನೀರು ಎರಚುವುದು, ಅವನ ಮುಖದ ಚರ್ಮ ಸುಲಿಯುವುದು, ಅವನು ನೆಲದಲ್ಲಿ ಹೊರಳಿ ಕಿರುಚುವುದು ಎಲ್ಲ ಹಾಗೇ ಇದೆ. ಅವಳು ಯಾಕೆ ಎರಚಿದಳು ಎಂಬುದು ಮಾತ್ರ ಇಲ್ಲ.

ಆ ಕಥೆ ಬರೆದವಳು ನಾನು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ನೀವು ನಮ್ಮ ನಿರ್ದೇಶಕರಿಗೆ, “ಆ ಸೀನಲ್ಲಿ ಗಂಡ ಹೊಡೆಯೋದೇ ಇಲ್ವಲ್ರೀ, ಸುಮ್ನೆ ಕೂತು ಮಾತಾಡ್ತಾನೆ. ಅಷ್ಟೊತ್ತು ಜನರನ್ನ ಯಾಕೆ ಹೆದರಿಸ್ತೀರಿ?” ಎಂದಾಗ ನಾನು ಬಾಗಿಲ ಬಳಿಯೇ ನಿಂತಿದ್ದೆ. ಈಗ ಹೇಳುತ್ತೇನೆ: ನೀವು ಹೆದರಿದಿರಲ್ಲ, ಅದೇ ನನ್ನ ಕಥೆ. ಮಚ್ಚು ಬೀಸಿ ರುಂಡ ಉರುಳಿಸಿದರೆ ನಿಮಗೆ ಹೆದರಿಕೆಯಾಗುವುದಿಲ್ಲ. ಅಂಥ ಎಷ್ಟೋ ಚಿತ್ರಗಳಿಗೆ ಸಂತೋಷದಿಂದ ಸಹಿ ಹಾಕಿದ್ದೀರಿ, ನಮ್ಮೂರ ಥಿಯೇಟರಿನಲ್ಲಿ ಜನ ಶಿಳ್ಳೆ ಹೊಡೆದು ನೋಡಿದ್ದಾರೆ.

ಆ ಹೆಂಡತಿ ನನ್ನ ಅಕ್ಕ ಸರಸಮ್ಮ. ಬಾವನದು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತಿರುತ್ತವೆ, ಅಕ್ಕ ಅದರ ಮುಂದೆ ಕೂತು ಬೆರಳು ಅದ್ದಿ ಎಳೆ ಹಿಡಿಯಬೇಕು. ಬಾವ ಒಮ್ಮೆಯೂ ಅವಳ ಮೇಲೆ ಕೈ ಎತ್ತಲಿಲ್ಲ. ಸಿಟ್ಟು ಬಂದ ದಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನೀರು ಕಾಯಿಸುವ ಹಬೆಯ ವಾಲ್ವನ್ನು ನಿಧಾನವಾಗಿ ತಿರುಗಿಸುತ್ತಿದ್ದ. “ಬಿಸಿ ಆಯ್ತೇನಮ್ಮಿ? ಏಳ್ಬ್ಯಾಡ. ಎಳೆ ತುಂಡಾದ್ರೆ ಇನ್ನೊಂದ್ ಒಸಿ ತಿರುಗುಸ್ತೀನಿ” ಎನ್ನುತ್ತಿದ್ದ, ಬೀಡಿ ಹಚ್ಚಿಕೊಂಡು, ನಗುತ್ತಾ. ಅವಳ ಕೈ ನೀರಿನಲ್ಲಿ, ಕಣ್ಣು ಅವನ ಬೆರಳಿನ ಮೇಲೆ. ಅವನು ತಿರುಗಿಸದೆ ಸುಮ್ಮನೆ ಕೂತಾಗಲೇ ಅವಳಿಗೆ ಹೆಚ್ಚು ಭಯ. ನೀವು ಕತ್ತರಿಸಿದ್ದು ಇದನ್ನೇ. ಇದು ಹಿಂಸೆಯಲ್ಲವೇ ಸ್ವಾಮಿ? ರಕ್ತ ಬರದಿದ್ದರೆ ಲೆಕ್ಕಕ್ಕಿಲ್ಲವೇ?

ಒಂದು ದಿನ ಬೆಳಿಗ್ಗೆ ಅವಳು ತೊಟ್ಟಿಯಲ್ಲಿ ಚೊಂಬು ಮುಳುಗಿಸಿ ಅವನ ಮುಖಕ್ಕೇ ಎರಚಿದಳು. ನ್ಯಾಯ ಹೇಳಲು ಸೇರಿದ ಹಿರಿಯರು ಅವಳ ಕೈ ಹಿಡಿದು ನೋಡಿದರು. ಬೆರಳುಗಳು ಬೆಂದು, ಬಿಳಿಚಿ, ಮುದುಡಿದ್ದವು. “ನೂಲು ತೆಗ್ಯೋರ ಕೈಯೆಲ್ಲ ಹಿಂಗೇ ಇರ್ತವೆ ಕಣವ್ವ. ಅವ್ನು ಹಿಂಸೆ ಕೊಟ್ಟಿರೋ ಗುರುತು ಎಲ್ಲೈತೆ ತೋರ್ಸು” ಎಂದರು. ಬಾವನ ಮುಖದ ಗುರುತು ಎಲ್ಲರಿಗೂ ಕಾಣುತ್ತಿತ್ತು. ಮಗಳು ಸುಮನಾಳನ್ನು ಅವನ ಜೊತೆ ಕಳಿಸಿಬಿಟ್ಟರು. ಹೆತ್ತವಳು ರಾಕ್ಷಸಿ ಎಂದೇ ನಂಬಿ ಆ ಹುಡುಗಿ ಬೆಳೆದಿದ್ದಾಳೆ.

ಸುಮನಾಗೆ ಈಗ ಇಂಥ ಚಿತ್ರ ನೋಡುವ ವಯಸ್ಸು. ಅವಳೊಬ್ಬಳು ಥಿಯೇಟರಿನ ಕತ್ತಲಲ್ಲಿ ಕೂತು ಆ ತೊಟ್ಟಿಯ ಮುಂದಿನ ಹೊತ್ತನ್ನು ಅನುಭವಿಸಲಿ ಎಂದೇ ನಾನು ಈ ಕಥೆ ಬರೆಯಲು ಅಕ್ಕ ಒಪ್ಪಿದ್ದು. ನೀವು ಕತ್ತರಿಸಿದ ಮೇಲೆ ಉಳಿದ ಸಿನಿಮಾ ನೋಡಿ ಅಕ್ಕ ಏನೆಂದಳು ಗೊತ್ತೇ? “ಹುಚ್ಚಮುಂಡೆ ಸುಮ್‌ಸುಮ್ನೆ ಉಯ್ದ್‌ಬುಟ್ಲು ಅನ್ನಂಗೈತಲ್ಲೇ ಇದು. ನನ್ ಮಗ್ಳು ಇದ್ನ ನೋಡ್ದೆ ಇದ್ರೇ ವಾಸಿ ಕಣೆ.”

ಆ ದೃಶ್ಯವನ್ನು ಇದ್ದಷ್ಟೂ ವಾಪಸು ಸೇರಿಸಿ. ಆಗದಿದ್ದರೆ ಕುದಿನೀರು ಎರಚುವುದನ್ನೂ ಕತ್ತರಿಸಿ. ಆಮೇಲೆ ಸಿನಿಮಾವೇ ಉಳಿಯುವುದಿಲ್ಲ ಎಂದು ನಿರ್ದೇಶಕರು ತಲೆ ಚಚ್ಚಿಕೊಳ್ಳುತ್ತಿದ್ದಾರೆ. ಉಳಿಯದಿರಲಿ. ಒಬ್ಬ ತಾಯಿಯನ್ನು ಅವಳ ಮಗಳ ಮುಂದೆ ಎರಡನೇ ಸಲ ಅಪರಾಧಿ ಮಾಡಲು ನಾನು ಕಥೆ ಬರೆಯಲಿಲ್ಲ.

ಇಂತಿ,
ಅಕ್ಕನ ಮಾತನ್ನು ನಿಮ್ಮ ಕೈಗೆ ಕೊಟ್ಟು ಕಳೆದುಕೊಂಡ
ರಾಧಾಮಣಿ, ರಾಮನಗರ