ವಾಪಸು ಕೊಡಿಸಿದ ಕೋವಿ

ಕಾರಣಗಳನ್ನು ಇನ್ನೂ ಹುಡುಕುತ್ತಲೇ ಇರುವ ವಿಧಾನಸಭಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮೂರ ದಿನಸಿ ಅಂಗಡಿಯಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಆರು ಜನರನ್ನು ಗುಂಡಿಟ್ಟು ಕೊಂದು ಚಳಿಗಾಲ ಹೋಯಿತು, ಬೇಸಿಗೆಯೂ ಮುಗಿಯಿತು. ತನಗೋ ಪರರಿಗೋ ಅಪಾಯ ತರುವಂತಿರುವವನ ಕೋವಿಗಳನ್ನು, ಮನೆಯವರು ಬೇಡಿಕೊಂಡರೆ, ನ್ಯಾಯಾಧೀಶರ ಅಪ್ಪಣೆಯ ಮೇಲೆ ಕೆಲಕಾಲ ತೆಗೆದಿಡುವ ಮಸೂದೆ ನಿಮ್ಮ ಮೇಜಿನ ಖಾನೆಯಲ್ಲಿದೆ. ಕೊಲೆಗಳಿಗೆ ಮುಂಚೆಯೂ ಒಮ್ಮೆ ಬಂದಿತ್ತು, ಅದೇ ಖಾನೆಯಲ್ಲಿ ಸತ್ತಿತು. ಈಗಲೂ ನೀವು ಮತಕ್ಕೆ ಹಾಕುತ್ತಿಲ್ಲ. ಇದರಿಂದ ನಿಮಗೇನೂ ಕೆಡುವುದಿಲ್ಲ. ನನ್ನ ಮನೆಯಲ್ಲಿ ಮಾತ್ರ ಕೋವಿಗಳ ಕಬ್ಬಿಣದ ಬೀರು ಇದೆ, ಅದರ ಬೀಗದ ಸಂಖ್ಯೆ ಗೊತ್ತಿರುವುದು ನನ್ನ ಗಂಡ ಲೈಲ್‌ಗೆ ಮಾತ್ರ, ಮತ್ತು ಲೈಲ್ ಬದುಕುವ ಆಸೆ ಬಿಟ್ಟು ಕೂತಿದ್ದಾನೆ. ನಿಮಗೆ ಖಾಸಗಿಯಾಗಿ ಬರೆದಾಗಲೆಲ್ಲ ‘ನಮ್ಮ ಪ್ರಾರ್ಥನೆ ನಿಮ್ಮೊಂದಿಗಿದೆ’ ಎಂಬ ಅಚ್ಚು ಹಾಕಿದ ಉತ್ತರ ಬಂತು. ಹಾಗಾಗಿ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನೀವು ನಮ್ಮೂರ ಶಾಲೆಯಲ್ಲಿ ನಡೆಸಿದ ವಿಚಾರಣಾ ಸಭೆಗೆ ನಾನೂ ಬಂದಿದ್ದೆ. ಒಬ್ಬ ತಜ್ಞರು ಮಕ್ಕಳ ವಿಡಿಯೊ ಆಟಗಳೇ ಕಾರಣ ಎಂದರು. ಇನ್ನೊಬ್ಬರು ಶಾಲೆಯಲ್ಲಿ ಪ್ರಾರ್ಥನೆ ನಿಂತದ್ದು ಎಂದರು. ಮೂರನೆಯವರಿಗೆ ಗಂಡ ಬಿಟ್ಟ ತಾಯಂದಿರು ಸಿಕ್ಕರು. ಕೊನೆಗೆ ತಾವು ಎದ್ದು ಅಂಗಡಿಯ ಹಿಂಬಾಗಿಲಿನ ಚಿಲಕ ಸರಿಯಿರಲಿಲ್ಲ ಎಂದು ಅರ್ಧ ಗಂಟೆ ಮಾತಾಡಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಕೆನಡಾದ ಗಡಿ ನಮ್ಮೂರಿನಿಂದ ಒಂದು ಗಂಟೆಯ ದಾರಿ. ಅಲ್ಲಿನ ಮಕ್ಕಳು ಅದೇ ಆಟ ಆಡುತ್ತಾರೆ, ಅಲ್ಲೂ ಗಂಡಹೆಂಡಿರು ಬೇರೆಯಾಗುತ್ತಾರೆ, ಚರ್ಚಿನ ಬೆಂಚುಗಳು ಅಲ್ಲೂ ಖಾಲಿ. ಆದರೂ ಅಲ್ಲಿ ಇಂಥ ಕೊಲೆಗಳು ಅಪರೂಪ. ಅಲ್ಲಿನ ಚಿಲಕಗಳೆಲ್ಲ ಅಷ್ಟೊಂದು ಗಟ್ಟಿಯೇ? ಹುಡುಗನ ಮನಸ್ಸು ಕೆಟ್ಟಿತ್ತು ಎಂದು ವೈದ್ಯೆಯೊಬ್ಬರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಕೆಟ್ಟ ಮನಸ್ಸನ್ನು ಸರಿಮಾಡಲು ವರ್ಷಗಟ್ಟಲೆ ಬೇಕು. ಅಷ್ಟರತನಕ ಕೋವಿ ಅವನ ಮಂಚದ ಕೆಳಗೇ ಇರಬೇಕೆ ಎಂದು ಆಕೆ ಕೇಳಿದಾಗ ತಾವು ಊಟದ ವಿರಾಮ ಘೋಷಿಸಿದಿರಿ.

ನಾನು ಕೋವಿ ಕಂಡರೆ ಬೆಚ್ಚುವ ಪಟ್ಟಣದವಳಲ್ಲ. ನವೆಂಬರ್ ಬಂದರೆ ನಮ್ಮ ಅಡುಗೆಮನೆಯಲ್ಲಿ ಜಿಂಕೆ ಮಾಂಸ ಹೆಚ್ಚುವುದೇ ಕೆಲಸ. ಚರ್ಚಿನ ನೆಲಮಾಳಿಗೆಯಲ್ಲಿ ಊರ ಮಕ್ಕಳಿಗೆಲ್ಲ ಕೋವಿ ಹಿಡಿಯುವ ಶಿಸ್ತು ಕಲಿಸಿದವನು ಲೈಲ್. ಊರಿಗೆಲ್ಲ ಅವನು ಮೇಷ್ಟ್ರು. ನಮ್ಮಲ್ಲೊಂದು ಹಳೆಯ ರೂಢಿಯಿತ್ತು, ತಮಗೂ ಗೊತ್ತಿರಬೇಕು, ತಾವೂ ಈ ಬಯಲಿನವರೇ. ಹೆಂಡತಿ ಸತ್ತವನ, ಕುಡಿತಕ್ಕೆ ಬಿದ್ದವನ ಮನೆಗೆ ಬೇಟೆಯ ಜೊತೆಗಾರರು ಹೋಗುತ್ತಿದ್ದರು. ಕಾಫಿ ಕುಡಿದು, ಹಿಮ ಎಷ್ಟು ಬಿತ್ತೆಂದು ಮಾತಾಡಿ, ಏಳುವಾಗ “ನಿನ್ನ ಕೋವಿಗಳಿಗೆ ಎಣ್ಣೆ ಹಾಕ್ಬೇಕು ಕಣೋ, ನಾನೇ ತಗೊಂಡು ಹೋಗಿರ್ತೀನಿ” ಅನ್ನುತ್ತಿದ್ದರು. ಎಣ್ಣೆ ಹಾಕಲು ಇಡೀ ಚಳಿಗಾಲ ಯಾಕೆ ಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಅವನು ಮೊದಲಿನಂತೆ ನಗಲು ಶುರುಮಾಡಿದ ಮೇಲೆ ಕೋವಿಗಳು ಮನೆಗೆ ಬರುತ್ತಿದ್ದವು. ಇದನ್ನೇ ನ್ಯಾಯಾಧೀಶರು ಮಾಡಿದರೆ ಅದು ದಬ್ಬಾಳಿಕೆ, ಸ್ವಾತಂತ್ರ್ಯದ ಕೊಲೆ ಎಂದು ತಾವು ಭಾಷಣ ಮಾಡಿದ್ದೀರಿ. ನಮ್ಮಪ್ಪಂದಿರೆಲ್ಲ ದಬ್ಬಾಳಿಕೆಗಾರರಾಗಿದ್ದರೆಂದು ಈ ವಯಸ್ಸಿನಲ್ಲಿ ತಿಳಿಯಿತು.

ಕೊಲೆಗಳಿಗೆ ಎರಡು ವಾರ ಮೊದಲು ಆ ಹುಡುಗ ಟ್ರೆಂಟ್‌ನ ತಾಯಿ ಡಾರ್ಲಾ ನಮ್ಮ ಅಡುಗೆಮನೆಗೆ ಬಂದಳು. ಕೋಟನ್ನೂ ಬಿಚ್ಚಲಿಲ್ಲ.

“ಲೈಲ್, ಅವನು ನಿದ್ದೆ ಮಾಡ್ತಿಲ್ಲ. ಅಂಗಡಿಯವರು ಕೆಲಸದಿಂದ ತೆಗೆದ್ರಲ್ಲ, ಅಲ್ಲಿರೋರ ಹೆಸರು ಒಂದೊಂದೇ ಹೇಳ್ತಾ ಗೋಡೆ ನೋಡ್ತಾ ಕೂತಿರ್ತಾನೆ. ಷೆರಿಫ್ ಆಫೀಸಿಗೆ ಹೋಗಿದ್ದೆ. ಏನಾದ್ರೂ ಮಾಡಿದ ಮೇಲೆ ಬನ್ನಿ ಅಂದ್ರು.”

ಲೈಲ್ ಕೂಡಲೇ ಅವಳ ಜೊತೆ ಹೋದ. ಟ್ರೆಂಟ್ ಮನೆಯಲ್ಲಿರಲಿಲ್ಲ. ತಾಯಿಯೇ ಕೋಣೆ ತೆರೆದು ತೋರಿಸಿದಳು. ಅಲ್ಲಿದ್ದ ಎರಡು ಕೋವಿಗಳನ್ನು ಲೈಲ್ ತಂದು ನಮ್ಮ ಬೀರುವಿನಲ್ಲಿಟ್ಟ. ಆ ರಾತ್ರಿ ಡಾರ್ಲಾ ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದಳಂತೆ.

ಮರುದಿನ ಷೆರಿಫ್ ಕಚೇರಿಯ ಪೊಲೀಸಿನವನು ಬಂದ. ಅವನೂ ಲೈಲ್‌ನ ಶಿಷ್ಯನೇ. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತ.

“ಮೇಷ್ಟ್ರೇ, ಹುಡುಗ ಕಂಪ್ಲೇಂಟ್ ಕೊಟ್ಟಿದ್ದಾನೆ. ವಾಪಸ್ ಕೊಟ್ಬಿಡಿ, ಇಲ್ಲಾಂದ್ರೆ ನಿಮ್ಮ ಮೇಲೆ ಕಳ್ಳತನದ ಕೇಸ್ ಹಾಕ್ಬೇಕಾಗುತ್ತೆ.”

“ಅವನ ತಾಯೀನೇ ಕೊಟ್ಟಿದ್ದು ಕಣಪ್ಪ.”

“ಅವನು ದೊಡ್ಡವನು, ಕೋವಿ ಅವನೇ ಕೊಂಡಿದ್ದು. ತಾಯಿ ಕೊಡೋಕೆ ಬರಲ್ಲ. ಜಡ್ಜ್ ಹೇಳಿದ್ರೆ ಇಟ್ಕೋಬಹುದಿತ್ತು. ಜಡ್ಜ್ ಹೇಳೋಕೆ ನಮ್ಮಲ್ಲಿ ಕಾನೂನೇ ಇಲ್ವಲ್ಲ ಮೇಷ್ಟ್ರೇ.”

ಲೈಲ್ ಎರಡನ್ನೂ ತೆಗೆದ. ಮಕ್ಕಳಿಗೆ ಕಲಿಸುತ್ತಿದ್ದಂತೆಯೇ ಒಳಗೆ ಗುಂಡಿಲ್ಲವೆಂದು ತೆರೆದು ನೋಡಿ, ತಾನೇ ಹೋಗಿ ಟ್ರೆಂಟ್‌ನ ಕೈಗೆ ಕೊಟ್ಟು ಬಂದ. ಹುಡುಗ “ಥ್ಯಾಂಕ್ಸ್ ಮೇಷ್ಟ್ರೇ” ಅಂದನಂತೆ. ಅಂಗಡಿಗೆ ಅವನು ಒಯ್ದದ್ದು ಅವುಗಳಲ್ಲೊಂದನ್ನು.

ಇರುವ ಕಾನೂನುಗಳನ್ನು ಸರಿಯಾಗಿ ಪಾಲಿಸಿದರೆ ಸಾಕು, ಹೊಸದು ಬೇಡ ಎಂದು ತಾವು ಸಭೆಯಲ್ಲಿ ಅಪ್ಪಣೆ ಕೊಡಿಸಿದಿರಿ. ಪಾಲಿಸಿದೆವಲ್ಲ ಸ್ವಾಮಿ. ಹುಡುಗ ಪಾಲಿಸಿದ, ಪೊಲೀಸಿನವನು ಪಾಲಿಸಿದ, ನನ್ನ ಗಂಡ ಚಾಚೂ ತಪ್ಪದೆ ಪಾಲಿಸಿದ. ಆ ಶನಿವಾರ ಮಧ್ಯಾಹ್ನ ಹುಡುಗ ಅಂಗಡಿಯ ಬಾಗಿಲು ದಾಟುವವರೆಗೂ ನಮ್ಮೂರಿನಲ್ಲಿ ಒಂದೇ ಒಂದು ಕಾನೂನು ಮುರಿದಿರಲಿಲ್ಲ. ಇದಕ್ಕಿಂತ ಒಳ್ಳೆಯ ಪ್ರಜೆಗಳು ತಮಗೆ ಎಲ್ಲಿ ಸಿಗಬೇಕು?

ಲೈಲ್ ಈಗ ತರಗತಿ ನಡೆಸುವುದಿಲ್ಲ. ಗ್ಯಾರೇಜಿನಲ್ಲಿ ಬೀರುವಿನ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಸಂಖ್ಯೆ ಹೇಳು ಎಂದರೆ “ಹೋಗಿ ಮಲ್ಕೋ ಆರ್ಡಿಸ್” ಅನ್ನುತ್ತಾನೆ. ನನಗೆ ಭಯವಾಗುತ್ತದೆ. ಅವನ ಬೇಟೆಯ ಜೊತೆಗಾರ ಡುವೇನ್‌ನ ಮನೆಗೆ ಹೋಗಿ, ಹಳೆಯ ರೂಢಿಯಂತೆ ಬಂದು ಕೊಂಡೊಯ್ಯಪ್ಪ ಎಂದು ಅತ್ತೆ. ಅವನು ತಲೆ ತಗ್ಗಿಸಿದ.

“ಲೈಲ್‌ಗೆ ಆಗಿದ್ದು ಕಣ್ಣಾರೆ ಕಂಡ್ವಲ್ಲ ಆರ್ಡಿಸ್. ನಾಳೆ ನನ್ನ ಬಾಗಿಲಿಗೂ ಪೊಲೀಸ್ ಬಂದ್ರೆ?”

ನೋಡಿದಿರಾ, ತಾವು ಹೊಸ ಕಾನೂನನ್ನು ಹುಟ್ಟಲು ಬಿಡಲಿಲ್ಲ, ಹಳೆಯ ರೂಢಿಯನ್ನು ಬದುಕಲೂ ಬಿಡಲಿಲ್ಲ.

ನನ್ನ ಬೇಡಿಕೆ ಎರಡು. ಮಸೂದೆಯನ್ನು ಈ ಅಧಿವೇಶನದಲ್ಲೇ ಮತಕ್ಕೆ ಹಾಕಿ. ಬೇಡವೆನ್ನುವವರು ಕೈಯೆತ್ತಿ ಬೇಡವೆನ್ನಲಿ, ಅವರ ಮುಖ ನಾವು ನೋಡುತ್ತೇವೆ. ಎರಡನೆಯದು, ಈ ಪತ್ರವನ್ನು ಲೈಲ್‌ಗೆ ಓದಿ ಹೇಳಿದೆ. ಕೇಳಿ ಮುಗಿಸಿ, “ಅವರನ್ನ ಯಾಕೆ ಬೈತೀಯ? ಅವನ ಕೈಗೆ ಕೊಟ್ಟೋನು ನಾನು” ಅಂದ. ಅಲ್ಲವೆಂದು ಎಷ್ಟು ಸಲ ಹೇಳಿದರೂ ಹೆಂಡತಿಯ ಮಾತು ಅವನು ನಂಬುತ್ತಿಲ್ಲ. ದಯವಿಟ್ಟು ತಾವೇ ಬನ್ನಿ. ಅವನ ಎದುರು ಕೂತು, ಆ ಕೋವಿಯನ್ನು ಹುಡುಗನ ಕೈಗೆ ಕೊಟ್ಟವನು ನೀನಲ್ಲ, ನಾನು ಎಂದು ಹೇಳಿಹೋಗಿ. ಬೇಗ ಬನ್ನಿ.

ಇಂತಿ,
ಸದ್ಯಕ್ಕಿನ್ನೂ ವಿಧವೆಯಾಗದ
ಆರ್ಡಿಸ್ ಹಾಗನ್