ನೆಟ್ಟಗಾಗಿದ್ದ ಕಾಲು

ಪೀಣ್ಯ
೧೧ ನವೆಂಬರ್ ೨೦೨೫

ಪ್ರೀತಿಯ ಮನು,

ಬರೆಯದೇ ಬಿಡೋಣ ಎಂದುಕೊಂಡಿದ್ದನ್ನೇ ಮೊದಲು ಹೇಳುತ್ತೇನೆ: ನಿನ್ನನ್ನು ಕೇಳದೆ ನಿನ್ನ ಕಾಲನ್ನು ನೆಟ್ಟಗೆ ಮಾಡಿಬಿಟ್ಟಿದ್ದೆ. ಗಾಯದ ಉರಿ ಇಳಿಯಿತೇ? ಮಾಲೂರಿನಲ್ಲಿ ಚಿಕ್ಕಮ್ಮನ ಅಡುಗೆ ಮೈಗೆ ಹಿಡಿಸಿದೆಯೇ? ಫೋನಿನಲ್ಲಿ ಹೊಸ ಕಾಲಿನ ಸುದ್ದಿ ಎತ್ತಿದರೆ ಸಾಕು, “ಬೇಡ ಬಿಡಕ್ಕ” ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಇಂಗ್ಲಿಷ್ ಮೀಡಿಯಮ್ಮಿನವಳ ಕನ್ನಡ, ನಗಬೇಡ.

ಆಕ್ಸಿಡೆಂಟಿನಲ್ಲಿ ಎಡಗಾಲು ಹೋದ ಮೇಲೆ ಆಸ್ಪತ್ರೆಯವರು ನಿನ್ನ ಬಲಗಾಲಿನ ಸ್ಕ್ಯಾನ್ ಕೊಟ್ಟಿದ್ದರಲ್ಲ, ಕೃತಕ ಕಾಲಿನ ಕವಚಕ್ಕೆಂದು? ಮಿಕ್ಸಿ ಮುಚ್ಚಳದ ಅಚ್ಚು ಬಿಡಿಸುವ ನನ್ನ ಕಂಪ್ಯೂಟರಿನಲ್ಲೇ ಅದನ್ನು ಕನ್ನಡಿಯ ಹಾಗೆ ತಿರುಗಿಸಿ ಎಡಗಾಲು ಮಾಡಿಕೊಂಡೆ. ಅಲ್ಲಿ ಅದು ಕಾಲಲ್ಲ, ದಪ್ಪವೇ ಇಲ್ಲದ ಸಿಪ್ಪೆ. ಎಡಮಂಡಿಯ ಕೆಳಗೆ ಉಳಿದಿರುವಷ್ಟು ಕಾಲು ಕೂರುವ ಬಟ್ಟಲಿನದು ಇನ್ನೊಂದು ಸಿಪ್ಪೆ. ಎರಡನ್ನೂ ಒಂದರೊಳಗೊಂದು ಹಾಯಿಸಿ, ಹೆಚ್ಚಾದದ್ದನ್ನು ಕತ್ತರಿಸಿ, ಅಂಚಿಗೆ ಅಂಚು ಕೂಡಿಸಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಗಟ್ಟಿ ವಸ್ತುವಾಗುವುದಿಲ್ಲ. ಮಂಡಿಯ ಕೆಳಗೆ ಹೊರಕ್ಕೆ ಬಾಗಿದ ಆ ಡೊಂಕಿನ ಹತ್ತಿರ ಅಂಚುಗಳು ಏನು ಮಾಡಿದರೂ ಕೂಡಲಿಲ್ಲ. ಡೊಂಕನ್ನೇ ತೆಗೆದೆ. ತಕ್ಷಣ ಕೂಡಿಕೊಂಡವು.

ಪ್ರಿಂಟ್ ಮಾಡಿಸಿದ ಮಾದರಿಯನ್ನು ಹೆಮ್ಮೆಯಿಂದ ಅಮ್ಮನ ಮಡಿಲಲ್ಲಿಟ್ಟೆ. ಮೇಲಿಂದ ಕೆಳಗೆ ಕೈಯಾಡಿಸಿ, “ಯಾರ್ ಕಾಲೇ ಇದು? ನಿಮ್ಮಪ್ಪನ್ ಡೊಂಕು ಎಲ್ಲೋಯ್ತು?” ಎಂದಳು. “ಅವ್ನು ಮಗು ಆಗಿದ್ದಾಗಿಂದ ಎಣ್ಣೆ ಉಜ್ಜಿದ್ರೂ ನನ್ ಕೈಲಿ ನೆಟ್ಟಗಾಗ್ನಿಲ್ಲ, ಇವ್ಳು ಕುರ್ಚೀಲಿ ಕೂತ್ಕಂಡೇ ಮಾಡವ್ಳೆ!” ನೀನು ಆಸ್ಪತ್ರೆಯಿಂದ ಬಂದ ಮೇಲೆ ಅವಳು ನಕ್ಕಿದ್ದು ಅವತ್ತೇ.

ನನಗೆ ನಗು ಬರಲಿಲ್ಲ. ಅಂಚು ಕೂಡಲಿಲ್ಲವೆಂದು ತೆಗೆದೆನೋ, ಬೀದಿಯವರ ಕಣ್ಣು ಆ ಕಾಲಿನ ಮೇಲೆ ನಿಲ್ಲಬಾರದೆಂದು ತೆಗೆದೆನೋ? ಇನ್ನೂ ಗೊತ್ತಿಲ್ಲ. ಆ ಕಣ್ಣುಗಳಿಗೆ ಬೇಸತ್ತೇ ಅಲ್ಲವೇ ನೀನು ಮಾಲೂರಿಗೆ ಹೋದದ್ದು? ಡೊಂಕನ್ನು ವಾಪಸ್ ತಂದಿದ್ದೇನೆ. ಕೂಡಿಸಿದ ಗೆರೆ ಈಗ ಸ್ವಲ್ಪ ಕಾಣುತ್ತದೆ. ಇರಲಿ.

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಅಮ್ಮ ನಿನ್ನ ತಲೆ ಸವರಿದಳೆಂದು ತಿಳಿ.

ನಿನ್ನ ಅಕ್ಕ,
ವನಜಾ

ಮರೆತಿದ್ದೆ: ಮಂಡಿಯ ಹಿಂದೆ ಬರುವ ಬಟ್ಟಲಿನ ಅಂಚನ್ನು ಮಾತ್ರ ಕತ್ತರಿಸದೇ ಬಿಟ್ಟಿದ್ದೇನೆ. ಎಲ್ಲಿ ಒತ್ತುತ್ತದೆಂದು ಕಂಪ್ಯೂಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೀನೇ ಬಂದು, ಕಾಲು ಮಡಿಸಿ ಕೂತು, “ಇಲ್ಲಿ ಕಣಕ್ಕ” ಅನ್ನಬೇಕು. ಹೊಸ ಮಾದರಿ ಗುರುವಾರ ಕೈಗೆ ಬರುತ್ತದೆ. ಈ ಸಲ ಮೊದಲು ಮುಟ್ಟಿ ನೋಡುವವನು ನೀನಾಗಲಿ; ನೋಡಿ, ಬರುವಾಗ ಜೊತೆಗೇ ತಾ. ಅದನ್ನೂ ಈ ಕಾಗದವನ್ನೂ ಒಟ್ಟಿಗೆ ಕಟ್ಟಿ ಪೋಸ್ಟ್ ಮಾಡುವುದು ಶುಕ್ರವಾರ, ನವೆಂಬರ್ ಹದಿನಾಲ್ಕಕ್ಕೆ.