ಎರಡು ಸಾಲು ಟೊಮೆಟೊ

ಅಡಿಲೇಡ್,
ಮಂಗಳವಾರ, 14 ಫೆಬ್ರವರಿ 1984

ಪ್ರೀತಿಯ ಸಾವೇರಿಯೋ,

ಸಮಸ್ತ ಬಂಧುಬಾಂಧವರಿಗೂ ತಿಳಿಯಪಡಿಸತಕ್ಕ ಸಂಗತಿ: ಇಂದು ಬೆಳಿಗ್ಗೆಯವರೆಗಿನ ಒಟ್ಟು ತೂಕದಲ್ಲಿ ನಮ್ಮ ಹಿತ್ತಲಿನ ಎಡ ಸಾಲು ಬಲ ಸಾಲನ್ನು ಮುನ್ನೂರು ಗ್ರಾಂ ಟೊಮೆಟೊದಿಂದ ಸೋಲಿಸಿದೆ. ಚರ್ಚಿನ ಗಂಟೆ ಹೊಡೆಸೋಣವೆಂದಿದ್ದೆ, ಪಾದ್ರಿಗಳು ಊರಲ್ಲಿಲ್ಲ. ಅದಿರಲಿ, ನಿಮ್ಮ ಮೊಣಕಾಲು ಹೇಗಿದೆ? ರೆನ್‌ಮಾರ್ಕಿನಲ್ಲಿ ನಿಮ್ಮ ಅಣ್ಣನ ತೋಟದ ದ್ರಾಕ್ಷಿ ಕೊಯ್ಲು ಮುಗಿಯುತ್ತ ಬಂತೇ? ಬುಟ್ಟಿ ಹೊರುವ ಶೌರ್ಯ ಬೇಡ, ಅದಕ್ಕೆ ಅವರ ಮಕ್ಕಳಿದ್ದಾರೆ.

ಎಡ ಸಾಲು ನಿಮ್ಮ ಕುರಿಗೊಬ್ಬರದ್ದು, ಬಲ ಸಾಲು ನನ್ನ ತಮ್ಮ ನುನ್ಸಿಯೋ ಅಂಗಡಿಯಿಂದ ತಂದ ನೀಲಿ ಹರಳುಗೊಬ್ಬರದ್ದು. ಒಂದೇ ಬೀಜ, ಒಂದೇ ನೀರು, ಹನ್ನೆರಡು ಹನ್ನೆರಡು ಗಿಡ. ಯಾರ ಸಾಲು ಹೆಚ್ಚು ತೂಗುತ್ತದೋ ಇನ್ನು ಮೇಲೆ ಅವರ ಗ್ಯಾರೇಜಿನಲ್ಲೇ ಇಡೀ ಕುಟುಂಬದ ಸಾಸ್ ಕಾಯಿಸುವುದು ಎಂದು ಸಸಿ ನೆಟ್ಟ ದಿನ ಊಟದ ಮೇಜಿನಲ್ಲಿ ಇಬ್ಬರೂ ಆಣೆಯಿಟ್ಟು, ತಕ್ಕಡಿಯನ್ನು ನನ್ನ ಕೊರಳಿಗೆ ಕಟ್ಟಿದಿರಿ. ಮೂವತ್ತೊಂದು ವರ್ಷ ನಮ್ಮಲ್ಲೇ ಕುದಿದ ಹಂಡೆ ಅವನ ಮನೆ ಸೇರಿದರೆ ನಾನು ಪ್ರತಿ ವರ್ಷ ಅಲ್ಲಿ ನೆಂಟಳಂತೆ ಕೂತು ತುಳಸಿ ಎಲೆ ಬಿಡಿಸಬೇಕು. ಹಾಗೆಂದು ತಕ್ಕಡಿಗೆ ಮೋಸ ಮಾಡುವವಳಲ್ಲ ನಾನು.

ನನಗೆ ಅನುಮಾನ ಹತ್ತಿದ್ದು ಕೋಟಿನಿಂದ. ಮೂವತ್ತೆಂಟು ಡಿಗ್ರಿ ಬಿಸಿಲಲ್ಲಿ ನುನ್ಸಿಯೋ ದಿನಾ ಕೋಟು ತೊಟ್ಟು ಕಾಫಿಗೆ ಬರುತ್ತಾನೆ. ಕೇಳಿದರೆ, “ಗಾಳಿ ಹೊಡೆದ್ರೆ ಕತ್ತು ಹಿಡ್ಕೊಳ್ಳುತ್ತಕ್ಕಾ” ಅನ್ನುತ್ತಾನೆ. ಕಾಫಿ ಮುಗಿಸಿ, “ಗಿಡಗಳನ್ನ ಮಾತಾಡಿಸಿ ಬರ್ತೀನಿ” ಎಂದು ಹಿತ್ತಲಿಗೆ ಹೋಗುವಾಗ ಉಬ್ಬಿದ್ದ ಜೇಬು, ಬರುವಾಗ ಚಪ್ಪಟೆ. ನಿಮ್ಮ ಗಿಡಗಳ ಬುಡಕ್ಕೆ ಉಪ್ಪು ಸುರಿಯುತ್ತಿದ್ದಾನೆಂದೇ ನಂಬಿ, ನಿನ್ನೆ ಅಂಜೂರದ ಮರದ ಹಿಂದೆ ಅಡಗಿ ನಿಂತೆ. ಅವನು ಬಗ್ಗಿದ್ದು ತನ್ನ ಸಾಲಿಗೇ! ಜೇಬಿನಿಂದ ಹೊರಬಂದದ್ದು ಕುರಿ ಹಿಕ್ಕೆ!

“ಏನೋ ಇದು, ನಾಚಿಕೆಗೆಟ್ಟೋನೇ?”

“ಕೂಗಬೇಡಕ್ಕಾ! ಹರಳು ಹಾಕಿ ಹಾಕಿ ಗಿಡ ಬೇಲಿ ದಾಟ್ತು, ಎಲೆ ಕಪ್ಪಾಗೋಷ್ಟು ಹಸಿರು, ಕಾಯಿ ಮಾತ್ರ ಕಚ್ಚಲಿಲ್ಲ. ಈ ಹಿಕ್ಕೆ ಹಾಕಿದ್ಮೇಲೇ ಕಚ್ಚಿದ್ದು. ಭಾವನಿಗೆ ಹೇಳಿದ್ರೆ ನಾನು ಸತ್ತೆ.”

“ಸಾಯೋ ಮೊದ್ಲು ಆ ಕೋಟು ಒಗೆಸು.”

ಹೀಗೆ, ಹೆಂಡತಿಯ ಕಾವಲಿನಿಂದ ನಿಮ್ಮ ಕುರಿಗೊಬ್ಬರದ ಮಾನ ಉಳಿಯಿತು. ಅಣ್ಣ, ಅತ್ತಿಗೆಗೆ ನನ್ನ ನೆನಪು ತಿಳಿಸಿ. ಟೋಪಿಯಿಲ್ಲದೆ ತೋಟಕ್ಕೆ ಇಳಿಯಬೇಡಿ. ಸಂತ ಅಂತೋನಿ ನಿಮ್ಮನ್ನೂ ನಿಮ್ಮ ಮೊಣಕಾಲನ್ನೂ ಕಾಯಲಿ.

ನಿಮ್ಮ
ಅಸುಂತಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ನೀರು ಬಿಡಲು ಹೋಗಿ ನಿಮ್ಮ ಸಾಲಿನ ಒಣಹುಲ್ಲಿನ ಹೊದಿಕೆ ಎತ್ತಿದೆ. ಪ್ರತಿ ಬುಡದಲ್ಲೂ ಅರ್ಧ ಕರಗಿದ ನೀಲಿ ಹರಳು! ಗಾಳಿಗೆ ಹಾರಿ ಬಂದಿರಬಹುದು ಎನ್ನೋಣವೆಂದರೆ, ಉಳಿದ ಚೀಲ ನಿಮ್ಮ ಗಾಳದ ಪೆಟ್ಟಿಗೆಯಲ್ಲಿ ಸಿಕ್ಕಿತು. ಕುರಿಗೊಬ್ಬರ ನಿಧಾನ ಎಂದು ಹೆದರಿದಿರಾ, ರೀ? ಭಾನುವಾರ ತೀರ್ಪು ಕೇಳಲು ಸೇರುವ ಕುಟುಂಬದ ಇಪ್ಪತ್ತಾರು ಜನರ ಮುಂದೆ ನಾನು ಯಾವ ಗೊಬ್ಬರ ಗೆದ್ದಿತೆಂದು ಹೇಳಲಿ? ಶನಿವಾರದೊಳಗೆ ನೀವೇ ನುನ್ಸಿಯೋಗೆ ಫೋನ್ ಮಾಡಿ ತಪ್ಪೊಪ್ಪಿಕೊಳ್ಳಿ. ಅವನೂ ಅಲ್ಲೇ ಬಾಯಿ ಬಿಡುತ್ತಾನೆ. ಪಂದ್ಯ ರದ್ದಾಗುತ್ತದೆ, ಹಂಡೆ ಇದ್ದಲ್ಲೇ ಇರುತ್ತದೆ. ಹಾಗೆಯೇ ಬಾಟಲಿಗೆ ಮುಚ್ಚಳ ಒತ್ತುವ ಯಂತ್ರ ಎಲ್ಲಿಟ್ಟಿದ್ದೀರೆಂದು ಅವನಿಗೇ ಹೇಳಿಬಿಡಿ, ಹುಡುಕಿ ಹುಡುಕಿ ನನಗೆ ಸಾಕಾಗಿದೆ.